ತೋಟದ ಮನೆಯಿಂದ ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ: ಟೈಮ್‌ವಾರಿಯರ್ ಸಮಗ್ರ ಮಾರ್ಗದರ್ಶಿ

ನಮ್ಮ ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ ಇದೆ. ಕೊಡಗಿನ ತೋಟದ ಮನೆಗಳಲ್ಲಿ ಅದೇನೂ ಅಪರೂಪವಲ್ಲ. ಬೆಳಿಗ್ಗೆ ಎಂಟಕ್ಕೆ ಅಪ್ಪ ಕೊಡೆ ಹಿಡಿದು ಹೋಗುತ್ತಾರೆ. ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಬರೆದಾದ ಮೇಲೆ ಗಾಜಿನ ನೀರು ಚೆಲ್ಲಿ, ಖಾಲಿ ಬಾಟಲಿಯನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸುತ್ತಾರೆ. ಒಂದು ದಿನ ಚೆಲ್ಲದೆ ಬಿಟ್ಟರೆ ಮರುದಿನದ ಮಳೆ ಅದರ ಜೊತೆ ಬೆರೆತು, ಎರಡು ದಿನದ ಲೆಕ್ಕವೂ ಕೆಡುತ್ತದೆ.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಕೂತು ನಾನು ಮೂವರು ಗಿರಾಕಿಗಳಿಗೆ ವೆಬ್‌ಸೈಟ್ ಕೆಲಸ ಮಾಡುತ್ತೇನೆ. ಮೂವರದ್ದೂ ಗಂಟೆ ಲೆಕ್ಕ. ಮೊದಲ ಎರಡು ವರ್ಷ ತಿಂಗಳ ಕೊನೆಗೆ ಕೂತು, ಇಮೇಲ್ ತಿರುವಿ ಹಾಕಿ, ನೆನಪಿನಿಂದಲೇ ಗಂಟೆ ಬರೆದು ಬಿಲ್ ಕಳಿಸುತ್ತಿದ್ದೆ. ಒಂದು ಆಗಸ್ಟ್‌ನಲ್ಲಿ ಗಿರಾಕಿಯೊಬ್ಬರು ಕೇಳಿದರು: ‘ಜುಲೈ ಎರಡನೇ ವಾರದ ಹದಿನಾಲ್ಕು ಗಂಟೆಯಲ್ಲಿ ಏನೇನು ಆಯಿತು, ಸ್ವಲ್ಪ ಬಿಡಿಸಿ ಹೇಳ್ತೀರಾ?’ ಆ ವಾರ ಎರಡು ದಿನ ನಮ್ಮಲ್ಲಿ ಕರೆಂಟೇ ಇರಲಿಲ್ಲ. ಕೆಲಸ ಮಾಡಿದ್ದು ನಿಜ, ಯಾವಾಗ ಮಾಡಿದೆ ಎಂದು ತೋರಿಸಲು ಮಾತ್ರ ಏನೂ ಇರಲಿಲ್ಲ. ಐದು ಗಂಟೆಯ ಹಣ ಬಿಟ್ಟುಕೊಟ್ಟೆ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅಪ್ಪ ಕೇಳಿದ್ದು ಇಷ್ಟೇ: ‘ಮಂಗಳವಾರದ ಮಳೆಯನ್ನು ಭಾನುವಾರ ಅಳೆಯೋಕೆ ಆಗುತ್ತಾ?’

ಆಗಿನಿಂದ ಬಳಸುತ್ತಿರುವುದು ಟೈಮ್‌ವಾರಿಯರ್ ಎಂಬ, ಕೆಲಸದ ಗಂಟೆ ದಾಖಲಿಸುವ ಕಮಾಂಡ್ ಲೈನ್ ಸಾಧನ. ಅಂದರೆ ಗುಂಡಿ ಒತ್ತುವ ಬದಲು ಟರ್ಮಿನಲ್ ಎಂಬ ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡಿ ನಡೆಸುವಂಥದ್ದು. ಇದನ್ನು ಹಾಕಿಕೊಳ್ಳುವುದು, ಬಳಸುವುದು, ಸಾಧ್ಯವಾದಷ್ಟನ್ನು ತಾನಾಗಿ ನಡೆಯುವಂತೆ ಕಟ್ಟುವುದು ಹೇಗೆಂದು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಒಂದು ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಕೆಲಸ ಶುರುವಾಯಿತೆಂದು ಹೇಳುವುದು ನಿಮ್ಮ ಕೈಯಲ್ಲಿರಲಿ, ಏಕೆಂದರೆ ಯಾವ ಕೆಲಸ ಎಂಬುದು ನಿಮಗೆ ಮಾತ್ರ ಗೊತ್ತು. ನಿಲ್ಲಿಸುವುದನ್ನು ಯಂತ್ರಕ್ಕೆ ಬಿಡಿ. ಶುರು ಮಾಡುವಾಗ ಮನುಷ್ಯ ಕಂಪ್ಯೂಟರಿನ ಮುಂದೆಯೇ ಇರುತ್ತಾನೆ, ನಿಲ್ಲಿಸಬೇಕಾದ ಹೊತ್ತಿಗೆ ಎದ್ದು ಹೋಗಿರುತ್ತಾನೆ. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿರುವಾಗ ಅಕಾಲದ ಹನಿ ಬಿದ್ದರೆ ಮನೆಮಂದಿಯೆಲ್ಲ ಟಾರ್ಪಾಲ್ ಎಳೆಯಲು ಓಡುತ್ತೇವೆ. ಆಗ ಟರ್ಮಿನಲ್‌ಗೆ ಹೋಗಿ ‘ಸ್ಟಾಪ್’ ಎಂದು ಬರೆದು ಯಾರೂ ಓಡುವುದಿಲ್ಲ.

ಕಮಾಂಡ್‌ಗಳನ್ನು ಓದುವ ಬಗೆ

ಇಲ್ಲಿ ಎಲ್ಲ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲಿ, ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಅಂಕಿ, ಚುಕ್ಕಿ, ಗೆರೆ, ಆವರಣಗಳು ಕಂಡ ಹಾಗೆಯೇ ಇರಬೇಕು. ಸಾಧನದ ಪೂರ್ತಿ ಹೆಸರು ಟೈಮ್‌ವಾರಿಯರ್ ಆದರೂ ದಿನವೂ ಬರೆಯುವುದು ಅದರ ಗಿಡ್ಡ ಹೆಸರು: ಟಿ, ಐ, ಎಂ, ಇ, ಡಬ್ಲ್ಯೂ, ಐದೇ ಅಕ್ಷರ. ಅದನ್ನು ‘ಟೈಮ್‌ಡಬ್ಲ್ಯೂ’ ಎಂದು ಬರೆದಿದ್ದೇನೆ.

ಹಾಕಿಕೊಳ್ಳುವುದು

ಟೈಮ್‌ವಾರಿಯರ್ ಉಚಿತ, ಮುಕ್ತ ತಂತ್ರಾಂಶ. ಎಂಐಟಿ ಪರವಾನಗಿಯಲ್ಲಿದೆ. ಕೆಲಸದ ಪಟ್ಟಿ ಇಡುವ ಟಾಸ್ಕ್‌ವಾರಿಯರ್ ಅನ್ನು ಕಟ್ಟಿದ ಗುಂಪೇ 2016ರಲ್ಲಿ ಇದನ್ನೂ ಬಿಡುಗಡೆ ಮಾಡಿತು. ಲಿನಕ್ಸ್‌ನ ಉಬುಂಟು ಅಥವಾ ಡೆಬಿಯನ್ ಇದ್ದರೆ ಒಂದೇ ಸಾಲು ಸಾಕು (ಸುಡೋ ಎಂದರೆ ‘ಮೇಲ್ವಿಚಾರಕನ ಅಧಿಕಾರದಿಂದ ಮಾಡು’):

ಸುಡೋ ಆಪ್ಟ್ ಇನ್‌ಸ್ಟಾಲ್ ಟೈಮ್‌ವಾರಿಯರ್

ಫೆಡೋರಾದಲ್ಲಿ ಪ್ಯಾಕೇಜಿನ ಹೆಸರೇ ಟೈಮ್‌ಡಬ್ಲ್ಯೂ. ಮ್ಯಾಕ್‌ನವರು ಹೋಂಬ್ರ್ಯೂ ಮೂಲಕ ತರಿಸಿಕೊಳ್ಳಬಹುದು. ವಿಂಡೋಸ್ ಇರುವವರು, ಅದರೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಒಳಗೆ ಉಬುಂಟು ಹಾಕಿಕೊಂಡರೆ ದಾಖಲೆ, ವರದಿ ಎಲ್ಲ ನಡೆಯುತ್ತದೆ. ಆದರೆ ಲ್ಯಾಪ್‌ಟಾಪ್ ಮಲಗುವುದು ಏಳುವುದೆಲ್ಲ ವಿಂಡೋಸ್‌ನ ಹಿಡಿತದಲ್ಲಿರುವುದರಿಂದ, ಮುಂದೆ ಹೇಳುವ ತಾನಾಗಿ ನಿಲ್ಲಿಸುವ ಏರ್ಪಾಡು ಅಲ್ಲಿ ಹೀಗೇ ಕೆಲಸ ಮಾಡುವುದಿಲ್ಲ. ಆ ಭಾಗವನ್ನು ನಾನು ಲಿನಕ್ಸ್ ಬಳಸುವವರಿಗಾಗಿಯೇ ಬರೆದಿದ್ದೇನೆ.

ಮೊದಲ ಸಲ ಟೈಮ್‌ಡಬ್ಲ್ಯೂ ಎಂದು ಬರೆದು ಎಂಟರ್ ಒತ್ತಿದರೆ, ದಾಖಲೆಯ ಫೋಲ್ಡರ್ ಮಾಡಲೇ ಎಂದು ಕೇಳುತ್ತದೆ. ಹೌದು ಎನ್ನಿ. ಆ ಫೋಲ್ಡರ್ ಎಲ್ಲಿದೆ ಎಂದು ತಿಳಿಯಲು ಟೈಮ್‌ಡಬ್ಲ್ಯೂ ಡಯಾಗ್ನಾಸ್ಟಿಕ್ಸ್ ಎಂದು ಬರೆಯಿರಿ. ಆವೃತ್ತಿಗೆ ತಕ್ಕಂತೆ ಜಾಗ ಬೇರೆಯಾಗುತ್ತದೆ, ಆದ್ದರಿಂದ ಊಹಿಸಬೇಡಿ, ನೋಡಿ ಬರೆದಿಟ್ಟುಕೊಳ್ಳಿ.

ಮೊದಲ ವಾರ ಬರೀ ಕೈಯಿಂದ

ತಾನಾಗಿ ನಡೆಯುವ ಏರ್ಪಾಡನ್ನು ಮೊದಲ ದಿನವೇ ಕಟ್ಟಲು ಹೋಗಬೇಡಿ. ಒಂದು ವಾರ ಕೈಯಿಂದಲೇ ನಡೆಸಿ. ನೀವು ಎಲ್ಲಿ ಮರೆಯುತ್ತೀರಿ ಎಂಬುದು ಆಗ ಗೊತ್ತಾಗುತ್ತದೆ. ಒಬ್ಬೊಬ್ಬರ ಮರೆವಿನ ಜಾಗ ಒಂದೊಂದು.

ಹೋಂಸ್ಟೇ ಒಂದರ ಬುಕಿಂಗ್ ಪುಟದ ಕೋಡ್ ಬರೆಯಲು ಕೂತಾಗ:

ಟೈಮ್‌ಡಬ್ಲ್ಯೂ ಸ್ಟಾರ್ಟ್ ಹೋಂಸ್ಟೇ ಕೋಡ್

ಸ್ಟಾರ್ಟ್ ಆದ ಮೇಲೆ ಬರುವ ಪದಗಳು ಟ್ಯಾಗ್‌ಗಳು. ನಾನು ಯಾವಾಗಲೂ ಎರಡು ಟ್ಯಾಗ್ ಹಾಕುತ್ತೇನೆ: ಯಾರ ಕೆಲಸ, ಎಂಥ ಕೆಲಸ. ಎರಡನೆಯದಕ್ಕೆ ನನ್ನಲ್ಲಿ ನಾಲ್ಕೇ ಹೆಸರುಗಳಿವೆ: ಕೋಡ್, ಕಾಲ್, ಮೇಲ್, ರಿಪೇರಿ. ಹೆಸರು ಹೆಚ್ಚಾದಷ್ಟೂ ಪ್ರತಿ ಸಲ ‘ಇದು ಯಾವುದಕ್ಕೆ ಸೇರುತ್ತದೆ’ ಎಂದು ಯೋಚಿಸುವಂತಾಗುತ್ತದೆ, ಯೋಚಿಸುವುದು ಬೇಸರವಾದ ದಿನ ಬರೆಯುವುದೇ ನಿಂತುಹೋಗುತ್ತದೆ. ಟ್ಯಾಗ್ ಅನ್ನು ಕನ್ನಡ ಲಿಪಿಯಲ್ಲೂ ಕೊಡಬಹುದು. ಆದರೆ ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು, ಪಟ್ಟಿಯ ಸಾಲುಗಳು ಅತ್ತಿತ್ತ ಸರಿಯುತ್ತವೆ. ಮನಸ್ಸಿಲ್ಲದಿದ್ದರೂ ನಾನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಿದ್ದೇನೆ.

ನಡುವೆ ಮೈಸೂರಿನ ಅಂಗಡಿಯವರು ಫೋನ್ ಮಾಡಿದರೆ ಮೊದಲಿನದನ್ನು ನಿಲ್ಲಿಸಬೇಕಿಲ್ಲ. ಟೈಮ್‌ಡಬ್ಲ್ಯೂ ಸ್ಟಾರ್ಟ್ ಮೈಸೂರ್ ಕಾಲ್ ಎಂದು ಬರೆದ ಕೂಡಲೇ ಹಿಂದಿನ ಲೆಕ್ಕ ಮುಚ್ಚಿ ಹೊಸದು ತೆರೆಯುತ್ತದೆ. ಫೋನ್ ಎತ್ತಿದ್ದು 10:05ಕ್ಕೆ, ನೆನಪಾದದ್ದು ಹತ್ತು ನಿಮಿಷ ಕಳೆದ ಮೇಲೆ ಎಂದಾದರೆ:

ಟೈಮ್‌ಡಬ್ಲ್ಯೂ ಸ್ಟಾರ್ಟ್ 10:05 ಮೈಸೂರ್ ಕಾಲ್

ಹಿಂದಿನದು 10:05ಕ್ಕೇ ಮುಗಿದಂತೆ ದಾಖಲಾಗುತ್ತದೆ. ದಿನದ ಕೆಲಸ ಮುಗಿದಾಗ ಟೈಮ್‌ಡಬ್ಲ್ಯೂ ಸ್ಟಾಪ್. ಊಟ ಮಾಡಿ ಬಂದು ಅದೇ ಕೆಲಸ ಮುಂದುವರಿಸುವುದಾದರೆ ಟೈಮ್‌ಡಬ್ಲ್ಯೂ ಕಂಟಿನ್ಯೂ. ಈಗ ಏನು ಓಡುತ್ತಿದೆ ಎಂದು ನೋಡಲು ಬರೀ ಟೈಮ್‌ಡಬ್ಲ್ಯೂ.

ಸಂಜೆ ಐದು ನಿಮಿಷ ಇದಕ್ಕೆ ಎತ್ತಿಡಿ:

ಟೈಮ್‌ಡಬ್ಲ್ಯೂ ಸಮ್ಮರಿ :ಡೇ :ಐಡಿಸ್

ಐಡಿಸ್ ಎಂದರೆ ಐ, ಡಿ, ಎಸ್. ಅದರ ಮುಂದಿನ ಕೋಲನ್ ಬಿಡಬಾರದು. ಈ ಸೂಚನೆ ಕೊಟ್ಟರೆ ಪ್ರತಿ ಸಾಲಿಗೂ @1, @2 ಎಂದು ನಂಬರ್ ಬರುತ್ತದೆ. @1 ಎಂದರೆ ತೀರಾ ಇತ್ತೀಚಿನದು. ತಿದ್ದುವುದಕ್ಕೆ ಈ ನಂಬರೇ ಹಿಡಿ. @2 ಎಂದಿರುವ ಸಾಲಿನಲ್ಲಿ ಅರ್ಧ ಗಂಟೆಯ ಊಟ ಸೇರಿಹೋಗಿದ್ದರೆ ಟೈಮ್‌ಡಬ್ಲ್ಯೂ ಶಾರ್ಟನ್ @2 30ಮಿನ್. ಬೆಳೆಸಲು ಲೆಂತನ್, ಅಳಿಸಲು ಡಿಲೀಟ್. ದಾಖಲಿಸದೇ ಬಿಟ್ಟುಹೋದ ಕೆಲಸ ನೆನಪಾದರೆ:

ಟೈಮ್‌ಡಬ್ಲ್ಯೂ ಟ್ರ್ಯಾಕ್ 14:00 - 15:30 ಹೋಂಸ್ಟೇ ರಿಪೇರಿ

ತಪ್ಪಿ ಏನಾದರೂ ಆದರೆ ಟೈಮ್‌ಡಬ್ಲ್ಯೂ ಅನ್‌ಡೂ ಎನ್ನಿ, ಹಿಂದಿನ ಸ್ಥಿತಿಗೆ ಮರಳುತ್ತದೆ. ಹಾಗಾಗಿ ಧೈರ್ಯವಾಗಿ ಪ್ರಯೋಗ ಮಾಡಿ ನೋಡಿ. ಆದರೆ ತಿದ್ದುಪಡಿಯನ್ನು ಅದೇ ದಿನ ಸಂಜೆ ಮುಗಿಸಿಬಿಡಿ. ಮೂರು ದಿನ ಬಿಟ್ಟು ತಿದ್ದಿದ್ದು ತಿದ್ದುಪಡಿಯಲ್ಲ, ಊಹೆ.

ಫೈಲಿನ ಒಳಗೆ ಒಂದು ಸಾಲು

ಮುಂದಿನ ಭಾಗ ಅರ್ಥವಾಗಬೇಕಾದರೆ ದಾಖಲೆಯ ಫೈಲನ್ನು ಒಮ್ಮೆ ತೆರೆದು ನೋಡಬೇಕು. ಡೇಟಾ ಫೋಲ್ಡರಿನಲ್ಲಿ ತಿಂಗಳಿಗೊಂದು ಫೈಲ್ ಇರುತ್ತದೆ, 2025ರ ಜುಲೈದು 2025-07.ಡೇಟಾ. ಯಾವ ಸಾಮಾನ್ಯ ಎಡಿಟರಿನಲ್ಲಾದರೂ ತೆರೆದುಕೊಳ್ಳುತ್ತದೆ. ಒಂದು ಸಾಲು ಹೀಗಿರುತ್ತದೆ:

ಇಂಕ್ 20250718ಟಿ040000ಝಡ್ - 20250718ಟಿ061500ಝಡ್ # ಕೋಡ್ ಹೋಂಸ್ಟೇ

ಇದನ್ನು ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಒಂಬತ್ತೂವರೆಗೆ ಶುರು ಮಾಡಿದ ಕೆಲಸ ಬೆಳಗಿನ ಜಾವ ನಾಲ್ಕು ಗಂಟೆ ಎಂದು ಏಕೆ ಬಿದ್ದಿದೆ? ಕೊನೆಯ ಝಡ್ ಅಕ್ಷರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯವನ್ನು ಸೂಚಿಸುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಾಲ್ಕಕ್ಕೆ ಐದೂವರೆ ಸೇರಿಸಿದರೆ ಒಂಬತ್ತೂವರೆ, ಆರೂಕಾಲಿಗೆ ಸೇರಿಸಿದರೆ ಹನ್ನೊಂದೂ ಮುಕ್ಕಾಲು. ವರದಿಯಲ್ಲಿ ನಮ್ಮ ಸಮಯವೇ ಕಾಣುತ್ತದೆ. ಫೈಲನ್ನು ಕೈಯಿಂದ ‘ಸರಿಪಡಿಸಲು’ ಹೋಗಬೇಡಿ.

ಇನ್ನೂ ನಿಲ್ಲಿಸದ ಕೆಲಸದ ಸಾಲಿನಲ್ಲಿ ಶುರುವಿನ ಸಮಯ ಮಾತ್ರ ಇರುತ್ತದೆ, ಕೊನೆಯದು ಇರುವುದಿಲ್ಲ. ಇಡೀ ವ್ಯವಸ್ಥೆಯ ಗುಟ್ಟು ಇದೇ. ಹಿನ್ನೆಲೆಯಲ್ಲಿ ಟಿಕ್ ಟಿಕ್ ಎನ್ನುವ ಯಾವ ಪ್ರೋಗ್ರಾಂ ಕೂಡ ಓಡುತ್ತಿರುವುದಿಲ್ಲ. ಕೊನೆ ಇಲ್ಲದ ಒಂದು ಸಾಲು ಇದ್ದರೆ ‘ಕೆಲಸ ನಡೆಯುತ್ತಿದೆ’ ಎಂದೇ ಟೈಮ್‌ವಾರಿಯರ್ ತಿಳಿಯುತ್ತದೆ. ಕಂಪ್ಯೂಟರ್ ಮಲಗಿದರೂ, ಕರೆಂಟ್ ಹೋಗಿ ಸತ್ತರೂ, ಎರಡು ದಿನ ಬಿಟ್ಟು ಎದ್ದರೂ ಆ ಸಾಲು ತೆರೆದೇ ಇರುತ್ತದೆ. ನೀರು ಚೆಲ್ಲದ ಬಾಟಲಿ ಅದು. ಒಂದು ಸೋಮವಾರ ಬೆಳಿಗ್ಗೆ ನನ್ನ ಪರದೆಯ ಮೇಲೆ ಅರವತ್ತೆರಡು ಗಂಟೆಯ ಒಂದೇ ಫೋನ್ ಕರೆ ಕಂಡಿತ್ತು.

ಲ್ಯಾಪ್‌ಟಾಪ್ ಮಲಗಿದರೆ ಲೆಕ್ಕವೂ ನಿಲ್ಲಲಿ

ಲಿನಕ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಯಂತ್ರವನ್ನು ಮಲಗಿಸುವುದು, ಹಿನ್ನೆಲೆಯಲ್ಲಿ ಯಂತ್ರವನ್ನು ನಡೆಸುವ ಸಿಸ್ಟಮ್‌ಡಿ. ಮಲಗಿಸುವ ಮುನ್ನ ಅದು ಒಂದು ನಿರ್ದಿಷ್ಟ ಫೋಲ್ಡರಿನಲ್ಲಿರುವ, ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್‌ಗಳಾದ ಸ್ಕ್ರಿಪ್ಟ್‌ಗಳನ್ನೆಲ್ಲ ಕರೆಯುತ್ತದೆ:

/ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್/

ಕರೆಯುವಾಗ ಮೊದಲ ಮಾತಾಗಿ, ಮಲಗುವ ಮುನ್ನ ‘ಪ್ರಿ’ ಎಂದೂ, ಎದ್ದ ಮೇಲೆ ‘ಪೋಸ್ಟ್’ ಎಂದೂ ತಿಳಿಸುತ್ತದೆ. ಪ್ರಿ ಎಂದರೆ ಪಿ, ಆರ್, ಇ. ಸುಡೋ ಬಳಸಿ ಆ ಫೋಲ್ಡರಿನಲ್ಲಿ ‘ಲೆಕ್ಕ’ ಎಂಬ ಹೆಸರಿನ ಫೈಲ್ ಮಾಡಿ, ಎರಡು ಸಾಲು ಬರೆಯಿರಿ:

#!/ಬಿನ್/ಎಸ್‌ಎಚ್
[ "$1" = ಪ್ರಿ ] && ಎಸ್‌ಯು - ನಿಮ್ಮಹೆಸರು -ಸಿ "ಟೈಮ್‌ಡಬ್ಲ್ಯೂ ಸ್ಟಾಪ್"

ನಿಮ್ಮಹೆಸರು ಎಂದಿರುವಲ್ಲಿ ನೀವು ಲಾಗಿನ್ ಆಗುವ ಹೆಸರು ಬರಬೇಕು. ಚೌಕ ಆವರಣದ ಒಳಗೆ ಎರಡೂ ಬದಿ ಒಂದೊಂದು ಜಾಗ ಬಿಡುವುದನ್ನು ಮರೆಯಬೇಡಿ, ಬಿಡದಿದ್ದರೆ ಸಾಲು ಓಡುವುದೇ ಇಲ್ಲ. ಎಸ್‌ಯು ಏಕೆ ಬೇಕು? ಈ ಸ್ಕ್ರಿಪ್ಟ್ ಓಡುವುದು ರೂಟ್ ಎಂಬ ಮೇಲ್ವಿಚಾರಕ ಬಳಕೆದಾರನ ಹೆಸರಿನಲ್ಲಿ. ಎಸ್‌ಯು ಅದನ್ನು ನಿಮ್ಮ ಹೆಸರಿನಲ್ಲಿ ಓಡಿಸುತ್ತದೆ. ಬರೀ ಟೈಮ್‌ಡಬ್ಲ್ಯೂ ಸ್ಟಾಪ್ ಎಂದು ಬರೆದರೆ ಅದು ರೂಟ್‌ನ ಮನೆಯಲ್ಲಿ ದಾಖಲೆ ಹುಡುಕುತ್ತದೆ, ನಿಮ್ಮದನ್ನು ಮುಟ್ಟುವುದಿಲ್ಲ. ನಾನು ಅರ್ಧ ದಿನ ಕಳೆದುಕೊಂಡದ್ದು ಇಲ್ಲೇ. ಕೊನೆಗೆ ಫೈಲಿಗೆ ಓಡುವ ಅನುಮತಿ ಕೊಡಿ:

ಸುಡೋ ಸಿಎಚ್‌ಮಾಡ್ +ಎಕ್ಸ್ /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್/ಲೆಕ್ಕ

ಈಗಲೇ ಪರೀಕ್ಷೆ ಮಾಡಿ. ಯಾವುದಾದರೂ ಟ್ಯಾಗ್ ಕೊಟ್ಟು ಶುರು ಮಾಡಿ, ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆಯಿರಿ. ಟೈಮ್‌ಡಬ್ಲ್ಯೂ ಎಂದು ಬರೆದಾಗ ಈಗ ಯಾವ ಲೆಕ್ಕವೂ ಓಡುತ್ತಿಲ್ಲ ಎಂಬ ಉತ್ತರ ಬಂದರೆ ಗೆದ್ದಿರಿ.

ಎದ್ದ ಕೂಡಲೇ ತಾನಾಗಿ ಕಂಟಿನ್ಯೂ ಆಗುವಂತೆಯೂ ‘ಪೋಸ್ಟ್’ ಮಾತಿಗೆ ಇನ್ನೊಂದು ಸಾಲು ಬರೆಯಬಹುದು. ಬರೆಯಬೇಡಿ. ಲ್ಯಾಪ್‌ಟಾಪ್ ತೆರೆದದ್ದು ಮಳೆಯ ಮುನ್ಸೂಚನೆ ನೋಡಲಿಕ್ಕೋ, ಕಾಫಿ ದರ ನೋಡಲಿಕ್ಕೋ ಆಗಿರಬಹುದು. ಅದಕ್ಕೆ ಗಿರಾಕಿ ಹಣ ಕೊಡಬಾರದು.

ಹಾಗಾದರೆ ಮುಚ್ಚಳ ಮುಚ್ಚದೆ ಕಣಕ್ಕೆ ಓಡಿದ ದಿನ? ಪವರ್ ಸೆಟ್ಟಿಂಗ್ಸ್‌ನಲ್ಲಿ, ಯಾರೂ ಮುಟ್ಟದಿದ್ದರೆ ಹದಿನೈದು ನಿಮಿಷಕ್ಕೆ ತಾನಾಗಿ ಮಲಗುವಂತೆ ಇಡಿ. ಚಾರ್ಜರ್ ಸಿಕ್ಕಿಸಿದ್ದಾಗಲೂ, ಬ್ಯಾಟರಿಯಲ್ಲಿದ್ದಾಗಲೂ. ಮಲಗುವ ಮುನ್ನ ಅದೇ ಸ್ಕ್ರಿಪ್ಟ್ ಓಡುತ್ತದೆ. ಹೆಚ್ಚೆಂದರೆ ಹದಿನೈದು ನಿಮಿಷ ಹೆಚ್ಚು ಬಿದ್ದಿರುತ್ತದೆ, ಸಂಜೆ ಶಾರ್ಟನ್ ಮಾಡಿದರಾಯಿತು. ಕೀಬೋರ್ಡ್ ಮುಟ್ಟದ ಪ್ರತಿ ನಿಮಿಷವನ್ನೂ ಹಿಡಿದು ಕಳೆಯುವ ಸಾಧನಗಳೂ ಇವೆ. ನಾನು ಬಳಸುವುದಿಲ್ಲ. ಪೆನ್ನು ಹಿಡಿದು ಕಾಗದದ ಮೇಲೆ ಪುಟದ ನಕ್ಷೆ ಬರೆಯುವುದೂ ದುಡಿಮೆಯೇ.

ಕರೆಂಟ್ ಹೋದರೆ: ‘ಉಸಿರು’ ಫೈಲ್

ಮುಂಗಾರಿನಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬ್ಯಾಟರಿ ಹಳತಾದ ಲ್ಯಾಪ್‌ಟಾಪ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಯಾವ ಮುನ್ಸೂಚನೆಯೂ ಇಲ್ಲದೆ ಆರಿಹೋಗುತ್ತವೆ. ಆಗ ಮೇಲಿನ ಸ್ಕ್ರಿಪ್ಟ್‌ಗೆ ಓಡಲು ಸಮಯವೇ ಸಿಗುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಮೆಚ್ಚಿನ ಭಾಗ ಇದು, ಏಕೆಂದರೆ ನಮ್ಮಂಥ ಊರಿನವರಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚು.

ಉಪಾಯ ಸರಳ. ಕಂಪ್ಯೂಟರ್ ಬದುಕಿರುವಷ್ಟು ಹೊತ್ತು ನಿಮಿಷಕ್ಕೊಮ್ಮೆ ಒಂದು ಖಾಲಿ ಫೈಲನ್ನು ಮುಟ್ಟುತ್ತಿರುತ್ತದೆ. ಮುಟ್ಟಿದಾಗಲೆಲ್ಲ ಆ ಫೈಲಿನ ಮೇಲೆ ಸಮಯದ ಗುರುತು ಬೀಳುತ್ತದೆ. ಕರೆಂಟ್ ಹೋದ ಕ್ಷಣಕ್ಕೆ ಮುಟ್ಟುವುದೂ ನಿಲ್ಲುತ್ತದೆ. ಮುಂದೆ ಯಂತ್ರ ಎದ್ದಾಗ ಆ ಗುರುತನ್ನು ಓದಿ, ತೆರೆದಿರುವ ಲೆಕ್ಕವನ್ನು ಆ ಹೊತ್ತಿಗೇ ಮುಚ್ಚಿಬಿಡುತ್ತೇವೆ. ಫೈಲಿಗೆ ನಾನು ‘ಉಸಿರು’ ಎಂದು ಹೆಸರಿಟ್ಟಿದ್ದೇನೆ: ಯು, ಎಸ್, ಐ, ಆರ್, ಯು.

ಮೊದಲು ಎದ್ದ ಮೇಲೆ ಓಡಬೇಕಾದ ಸ್ಕ್ರಿಪ್ಟ್. ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ಎದ್ದಾಗ’ ಎಂಬ ಫೈಲ್ ಮಾಡಿ:

#!/ಬಿನ್/ಎಸ್‌ಎಚ್
ಟೈಮ್‌ಡಬ್ಲ್ಯೂ ಸ್ಟಾಪ್ $(ಡೇಟ್ -ಆರ್ ~/ಉಸಿರು +%ಎಫ್‌ಟಿ%ಟಿ)

ಇಲ್ಲಿ ಶೇಕಡಾ ಚಿಹ್ನೆಯ ಪಕ್ಕದ ಎಫ್, ಟಿ, ಟಿ ಮೂರೂ ದೊಡ್ಡಕ್ಷರಗಳು. -ಆರ್ ಸಣ್ಣಕ್ಷರ. ಡೇಟ್ ಕಮಾಂಡ್‌ಗೆ ಹೀಗೆ ಹೇಳಿದರೆ ಈಗಿನ ಸಮಯ ಕೊಡುವ ಬದಲು ಆ ಫೈಲನ್ನು ಕೊನೆಗೆ ಮುಟ್ಟಿದ ಸಮಯವನ್ನು 2025-07-18ಟಿ15:42:00 ಎಂಬ ರೂಪದಲ್ಲಿ ಕೊಡುತ್ತದೆ. ಸ್ಟಾಪ್‌ಗೆ ಬೇಕಾದದ್ದು ಸರಿಯಾಗಿ ಅದೇ. ಫೈಲಿಗೆ ಸಿಎಚ್‌ಮಾಡ್ +ಎಕ್ಸ್ ಮಾಡಿ.

ಹೇಳಿದ ಹೊತ್ತಿಗೆ ಕಮಾಂಡ್‌ಗಳನ್ನು ತಾನಾಗಿ ಓಡಿಸುವುದು ಕ್ರಾನ್, ಅದರ ಪಟ್ಟಿಯೇ ಕ್ರಾನ್‌ಟ್ಯಾಬ್. ಆಮೇಲೆ ಕ್ರಾನ್‌ಟ್ಯಾಬ್ -ಇ ಎಂದು ಬರೆದು, ತೆರೆದ ಪುಟದ ಕೊನೆಗೆ ಈ ಎರಡು ಸಾಲು ಸೇರಿಸಿ:

* * * * * ಟಚ್ ~/ಉಸಿರು
@ರೀಬೂಟ್ ~/ಎದ್ದಾಗ

ಐದು ನಕ್ಷತ್ರ ಎಂದರೆ ಪ್ರತಿ ನಿಮಿಷ, @ರೀಬೂಟ್ ಎಂದರೆ ಯಂತ್ರ ಎದ್ದಾಗಲೆಲ್ಲ. ಡೇಟ್‌ನ ಸಾಲನ್ನು ನೇರವಾಗಿ ಕ್ರಾನ್‌ಟ್ಯಾಬ್‌ನಲ್ಲೇ ಏಕೆ ಬರೆಯಲಿಲ್ಲ ಎಂದರೆ, ಅಲ್ಲಿ ಶೇಕಡಾ ಚಿಹ್ನೆಗೆ ಬೇರೆ ಅರ್ಥವಿದೆ. ಕ್ರಾನ್ ಅದನ್ನು ಸಾಲಿನ ಕೊನೆ ಎಂದು ತಿಳಿದು ಕಮಾಂಡನ್ನು ಅರ್ಧಕ್ಕೆ ಕತ್ತರಿಸುತ್ತದೆ. ದೋಷ ಎಲ್ಲೂ ಕಾಣಿಸುವುದಿಲ್ಲ, ಕೆಲಸ ಮಾತ್ರ ಆಗುವುದಿಲ್ಲ. ಸ್ಕ್ರಿಪ್ಟ್ ಫೈಲಿನೊಳಗೆ ಇಟ್ಟರೆ ಈ ತೊಂದರೆ ಇಲ್ಲ.

ಇದರ ಇನ್ನೊಂದು ಲಾಭ: ಲೆಕ್ಕ ನಿಲ್ಲಿಸದೆಯೇ ಎಂದಿನಂತೆ ಶಟ್‌ಡೌನ್ ಮಾಡಿ ಎದ್ದು ಹೋದರೂ ಇದೇ ವ್ಯವಸ್ಥೆ ಮರುದಿನ ಸರಿಪಡಿಸುತ್ತದೆ. ತೆರೆದ ಲೆಕ್ಕ ಇಲ್ಲದಿದ್ದರೆ ಸ್ಟಾಪ್ ಸುಮ್ಮನೆ ದೂರು ಹೇಳಿ ಹೋಗುತ್ತದೆ, ದಾಖಲೆಗೆ ಏನೂ ಆಗುವುದಿಲ್ಲ. ಕಳೆದ ಮುಂಗಾರಿನ ಒಂದು ಮಧ್ಯಾಹ್ನ ಮೂರೂ ಮುಕ್ಕಾಲರ ಸುಮಾರಿಗೆ ಲೈನ್ ಹೋಯಿತು, ಬಂದದ್ದು ಮೂರನೇ ದಿನ. ಯಂತ್ರ ಹಾಕಿ ಸಮ್ಮರಿ ನೋಡಿದೆ. ಆ ದಿನದ ಸಾಲು 15:42ಕ್ಕೆ ಮುಗಿದಿತ್ತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, ತಮ್ಮ ಮಳೆ ಪುಸ್ತಕ ತಂದು ಅದೇ ತಾರೀಖಿನ ಪುಟ ತೆರೆದು ಪಕ್ಕದಲ್ಲಿಟ್ಟರು.

ಮಲಗದೇ ಉಳಿದ ಯಂತ್ರಕ್ಕೆಂದು ಕೊನೆಯ ಒಂದು ಕಾವಲು ಸಾಲನ್ನೂ ಕ್ರಾನ್‌ಟ್ಯಾಬ್‌ನಲ್ಲಿ ಇಟ್ಟಿದ್ದೇನೆ. ರಾತ್ರಿ ಹತ್ತಕ್ಕೆ ಏನೇ ಓಡುತ್ತಿದ್ದರೂ ನಿಲ್ಲಲಿ:

0 22 * * * ಟೈಮ್‌ಡಬ್ಲ್ಯೂ ಸ್ಟಾಪ್

ಶುರು ಮಾಡಲು ಮರೆತರೆ

ಶುರು ನಿಮ್ಮ ಕೈಯಲ್ಲೇ ಇರಲಿ ಎಂದೆ. ಆದರೆ ನೆನಪಿಸುವ ಕೆಲಸವನ್ನು ಯಂತ್ರಕ್ಕೆ ಕೊಡಬಹುದು. ಟೈಮ್‌ಡಬ್ಲ್ಯೂ ಗೆಟ್ ಡಾಮ್.ಆಕ್ಟಿವ್ ಎಂದು ಕೇಳಿದರೆ ಲೆಕ್ಕ ಓಡುತ್ತಿದ್ದಾಗ 1, ಇಲ್ಲದಾಗ 0 ಎಂದು ಉತ್ತರ ಬರುತ್ತದೆ. ಡಾಮ್ ಎಂದರೆ ಡಿ, ಓ, ಎಂ. ‘ನೆನಪು’ ಎಂಬ ಸ್ಕ್ರಿಪ್ಟ್ ಮಾಡಿ:

#!/ಬಿನ್/ಎಸ್‌ಎಚ್
[ "$(ಟೈಮ್‌ಡಬ್ಲ್ಯೂ ಗೆಟ್ ಡಾಮ್.ಆಕ್ಟಿವ್)" = 0 ] && ನೋಟಿಫೈ-ಸೆಂಡ್ "ಈಗ ಯಾವ ಕೆಲಸ?"

ಉದ್ಧರಣ ಚಿಹ್ನೆಯೊಳಗಿನ ಪ್ರಶ್ನೆಯನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಿ. ಪರದೆಯ ಮೂಲೆಯಲ್ಲಿ ಅದು ಚೆನ್ನಾಗಿಯೇ ಮೂಡುತ್ತದೆ. ಕ್ರಾನ್‌ಟ್ಯಾಬ್‌ನಲ್ಲಿ:

ಡಿಬಸ್_ಸೆಷನ್_ಬಸ್_ಅಡ್ರೆಸ್=ಯುನಿಕ್ಸ್:ಪಾತ್=/ರನ್/ಯೂಸರ್/1000/ಬಸ್
*/15 9-18 * * 1-5 ~/ನೆನಪು

ಮೊದಲ ಸಾಲಿನಲ್ಲಿ ಸಮ ಚಿಹ್ನೆಯ ಎಡಗಡೆಯದೆಲ್ಲ ದೊಡ್ಡಕ್ಷರ. ಕ್ರಾನ್ ನಿಮ್ಮ ಪರದೆಯ ಹೊರಗೆ ಓಡುವುದರಿಂದ ಸಂದೇಶವನ್ನು ಎಲ್ಲಿಗೆ ತಲುಪಿಸಬೇಕೆಂದು ಹೀಗೆ ಹೇಳಿಕೊಡಬೇಕು. 1000 ಎಂಬುದು ಬಳಕೆದಾರ ಸಂಖ್ಯೆ. ನಿಮ್ಮದು ಅದೇ ಹೌದೋ ಎಂದು ಐಡಿ -ಯು ಎಂದು ಬರೆದು ನೋಡಿಕೊಳ್ಳಿ. ಎರಡನೇ ಸಾಲು ಸೋಮವಾರದಿಂದ ಶುಕ್ರವಾರದವರೆಗೆ, ಒಂಬತ್ತರಿಂದ ಆರೂ ಮುಕ್ಕಾಲರವರೆಗೆ, ಕಾಲು ಗಂಟೆಗೊಮ್ಮೆ. ಅದಕ್ಕಿಂತ ಬೇಗ ಬೇಗ ಇಟ್ಟರೆ ಕಿರಿಕಿರಿಯಾಗಿ ನೀವೇ ತೆಗೆದುಹಾಕುತ್ತೀರಿ.

ಗಿಟ್ ಬಳಸುವ ಪ್ರೋಗ್ರಾಮರ್‌ಗಳು ಪೋಸ್ಟ್-ಚೆಕ್‌ಔಟ್ ಹುಕ್ ಬರೆದು, ಬ್ರಾಂಚ್ ಬದಲಿಸಿದಾಗ ಅದರ ಹೆಸರಿನ ಟ್ಯಾಗ್‌ನೊಂದಿಗೆ ತಾನಾಗಿ ಶುರುವಾಗುವಂತೆ ಮಾಡಬಹುದು. ದಿನವಿಡೀ ಒಂದೇ ಸಂಸ್ಥೆಯ ಕೋಡ್ ಬರೆಯುವವರಿಗೆ ಅದು ಒಳ್ಳೆಯದು. ನನಗೆ ಹೊಂದಲಿಲ್ಲ, ಬರೀ ಇಣುಕಿ ನೋಡಲು ಬ್ರಾಂಚ್ ಬದಲಿಸಿದಾಗಲೂ ಲೆಕ್ಕ ಬದಲಾಗುತ್ತಿತ್ತು.

ತಿಂಗಳ ಕೊನೆ

ಬಿಲ್ ಮಾಡುವುದನ್ನು ನಾನು ಬೇಕೆಂದೇ ಕ್ರಾನ್‌ಗೆ ಕೊಟ್ಟಿಲ್ಲ. ಹಣ ಕೇಳುವ ಕಾಗದವನ್ನು ಒಮ್ಮೆ ಕಣ್ಣಾರೆ ನೋಡಿಯೇ ಕಳಿಸಬೇಕು. ಒಂದನೇ ತಾರೀಖು:

ಟೈಮ್‌ಡಬ್ಲ್ಯೂ ಸಮ್ಮರಿ :ಲಾಸ್ಟ್‌ಮಂತ್ ಹೋಂಸ್ಟೇ

ಆ ಗಿರಾಕಿಯ ಪ್ರತಿ ದಿನದ ಸಾಲು, ದಿನದ ಮೊತ್ತ, ಕೊನೆಗೆ ತಿಂಗಳ ಮೊತ್ತ ಬರುತ್ತದೆ. ಸಮ್ಮರಿ ಬದಲು ಎಕ್ಸ್‌ಪೋರ್ಟ್ ಎಂದರೆ ಅದೇ ಮಾಹಿತಿ ಬೇರೆ ಪ್ರೋಗ್ರಾಂಗಳು ಓದಬಲ್ಲ ಜೇಸನ್ ರೂಪದಲ್ಲಿ ಸಿಗುತ್ತದೆ, ಸ್ವಂತ ವರದಿ ಕಟ್ಟಿಕೊಳ್ಳುವವರಿಗೆ ಅನುಕೂಲ.

ಇಲ್ಲಿ ಬಹಳ ಜನ ಎಡವುವ ಜಾಗಗಳು ಎರಡು. ಮೊದಲನೆಯದು, 42:30 ಎಂದರೆ 42.30 ಅಲ್ಲ. ಮೂವತ್ತು ನಿಮಿಷ ಅರ್ಧ ಗಂಟೆ, ಆದ್ದರಿಂದ 42.5. ಗಂಟೆಗೆ 600 ರೂಪಾಯಿಯಾದರೆ ಸರಿಯಾದ ಮೊತ್ತ 25,500. ಕೊಲನ್ ಇದ್ದ ಜಾಗದಲ್ಲಿ ಚುಕ್ಕಿ ಇಟ್ಟು ಗುಣಿಸಿದವರಿಗೆ 25,380 ಬರುತ್ತದೆ. ತಿಂಗಳಿಗೆ 120 ರೂಪಾಯಿ ಯಾರಿಗೂ ತಿಳಿಯದೆ ಸೋರಿಹೋಯಿತು.

ಎರಡನೆಯದು ಕಾಲು ಗಂಟೆಗೆ ಸರಿಹೊಂದಿಸುವುದು. ಏಳೇಳು ನಿಮಿಷದ ಹತ್ತು ಫೋನ್ ಕರೆಗಳಿವೆ ಎನ್ನಿ. ನಿಜವಾದ ಸಮಯ ಎಪ್ಪತ್ತು ನಿಮಿಷ. ಒಂದೊಂದನ್ನೂ ಕಾಲು ಗಂಟೆಗೆ ಏರಿಸಿದರೆ ನೂರೈವತ್ತು ನಿಮಿಷ, ಅಂದರೆ ದುಪ್ಪಟ್ಟಿಗಿಂತ ಹೆಚ್ಚು. ಮೊದಲೇ ಹಾಗೆಂದು ಒಪ್ಪಂದವಾಗಿದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ ಇಡೀ ತಿಂಗಳ ಮೊತ್ತವನ್ನು ಕೂಡಿಸಿ, ಕೊನೆಗೆ ಒಂದೇ ಸಲ ಸರಿಹೊಂದಿಸಿ. ತೋಟದ ಚೆಕ್‌ರೋಲ್‌ನಲ್ಲಿ ಹಣ್ಣು ಕುಯ್ದ ಕೆ.ಜಿ. ಬರೆಯುವ ರೈಟರ್, ಚೀಲಕ್ಕೊಂದು ಕೆ.ಜಿ. ಹೆಚ್ಚಿಸಿ ಬರೆದರೆ ನಾವು ಒಪ್ಪುತ್ತೇವೆಯೇ? ಬಿಲ್ ಜೊತೆ ಸಮ್ಮರಿಯನ್ನು ಪೂರ್ತಿಯಾಗಿ ಲಗತ್ತಿಸುತ್ತೇನೆ. ಅದು ಶುರುವಾದ ಮೇಲೆ ಯಾವ ಗಿರಾಕಿಯೂ ಬಿಡಿಸಿ ಹೇಳಿ ಎಂದು ಕೇಳಿಲ್ಲ.

ನಮ್ಮ ಹಬ್ಬಗಳು

ಟೈಮ್‌ಡಬ್ಲ್ಯೂ ಮಂತ್ ಎಂದರೆ ಮೂಡುವ ತಿಂಗಳ ನಕ್ಷೆಯಲ್ಲಿ ಖಾಲಿ ದಿನ ಕಂಡರೆ ಏಕೆಂದು ಮೂರು ತಿಂಗಳ ಮೇಲೆ ನೆನಪಿರುವುದಿಲ್ಲ. ಸಾಧನದ ಸೆಟ್ಟಿಂಗ್ ಫೈಲಿನಲ್ಲಿ ರಜಾದಿನ ಬರೆದಿಟ್ಟರೆ ನಕ್ಷೆಯಲ್ಲಿ ಅವು ಕಾಣುತ್ತವೆ. ಸಿದ್ಧವಾಗಿ ಸಿಗುವ ಪಟ್ಟಿಗಳಲ್ಲಿ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಎಲ್ಲಿ ಬರಬೇಕು, ನಾವೇ ಬರೆದುಕೊಳ್ಳಬೇಕು:

ಡಿಫೈನ್ ಹಾಲಿಡೇಸ್:
  ಕೊಡಗು:
    2025_09_03 = ಕೈಲ್‌ಪೊಳ್ದ್

ಸಾಲಿನ ಮುಂದಿನ ಖಾಲಿ ಜಾಗಗಳು ಇಲ್ಲಿ ಅಲಂಕಾರಕ್ಕಲ್ಲ, ಯಾವುದು ಯಾವುದರೊಳಗೆ ಎಂಬುದನ್ನು ಅವೇ ಹೇಳುತ್ತವೆ. ಪುತ್ತರಿಯ ತಾರೀಖು ಗೊತ್ತಾದ ದಿನವೇ ಸೇರಿಸಿಬಿಡಿ. ಹೊರ ಊರಿನ ಗಿರಾಕಿಗಳಿಗೂ ಆಗಲೇ ತಿಳಿಸಿದರೆ ಆ ದಿನ ಯಾರೂ ಮೀಟಿಂಗ್ ಇಡುವುದಿಲ್ಲ.

ಪ್ರತಿ ಇಡುವುದು

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವರು ಕಾಗದಪತ್ರಕ್ಕಾಗಿ ಎಷ್ಟು ಅಲೆದರೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ದುಡಿಮೆಯ ದಾಖಲೆಯ ಒಂದು ಪ್ರತಿ ಮನೆಯ ಹೊರಗೆ ಇರಲೇಬೇಕು. ಟೈಮ್‌ವಾರಿಯರ್‌ನ ಇಡೀ ಫೋಲ್ಡರ್ ಬರೀ ಅಕ್ಷರದ ಫೈಲ್‌ಗಳದ್ದು, ವರ್ಷಗಳ ಲೆಕ್ಕ ಸೇರಿಸಿದರೂ ಒಂದು ಫೋಟೋದಷ್ಟು ಜಾಗ ಬೇಡ. ವಾರಕ್ಕೊಮ್ಮೆ ಅದನ್ನು ಜಿಪ್ ಮಾಡಿ ನಿಮಗೇ ಇಮೇಲ್ ಮಾಡಿಕೊಂಡರೂ ಸಾಕು. ನಾನು ಮೈಸೂರಿನಲ್ಲಿರುವ ಅಕ್ಕನ ಕಂಪ್ಯೂಟರಿಗೆ, ಫೈಲ್‌ಗಳನ್ನು ನಕಲು ಮಾಡುವ ಆರ್‌ಸಿಂಕ್ ಮೂಲಕ ಕಳಿಸುತ್ತೇನೆ.

ಕಳಿಸಿದ ಪ್ರತಿ ಸರಿಯಿದೆಯೇ ಎಂದೂ ಒಮ್ಮೆ ನೋಡಬೇಕು. ಆ ಕಂಪ್ಯೂಟರಿನಲ್ಲಿ ಟೈಮ್‌ವಾರಿಯರ್ ಹಾಕಿ, ಕಮಾಂಡಿನ ಮುಂದೆ ಟೈಮ್‌ವಾರಿಯರ್‌ಡಿಬಿ=ಫೋಲ್ಡರಿನದಾರಿ ಎಂದು ಸೇರಿಸಿ. ಎಡಗಡೆಯ ಹೆಸರು ಪೂರ್ತಿ ದೊಡ್ಡಕ್ಷರ, ನಡುವೆ ಜಾಗವಿಲ್ಲ. ಆಮೇಲೆ ಒಂದು ಜಾಗ ಬಿಟ್ಟು, ಅದೇ ಸಾಲಿನಲ್ಲಿ ಟೈಮ್‌ಡಬ್ಲ್ಯೂ ಸಮ್ಮರಿ :ಲಾಸ್ಟ್‌ಮಂತ್ ಎಂದು ಬರೆದು ಎಂಟರ್ ಒತ್ತಿ. ಕೊನೆಯ ಸಾಲಿನ ಮೊತ್ತ ನಿಮ್ಮ ಲ್ಯಾಪ್‌ಟಾಪ್ ತೋರಿಸುವುದಕ್ಕೆ ನಿಮಿಷ, ಸೆಕೆಂಡು ಸಹಿತ ತಾಳೆಯಾಗಬೇಕು.